ಅತ್ತೆಯ ಚೀಟಿ ನೋಡಿ ನಗಬೇಡಿ

ನಿನ್ನೆ ಫ್ಯಾಮಿಲಿ ಗ್ರೂಪ್‌ನಲ್ಲಿ ನಡೆದದ್ದಕ್ಕೆ ನನಗಿನ್ನೂ ಹೊಟ್ಟೆ ಉರಿಯುತ್ತಿದೆ. ಪಶ್ಚಿಮಕ್ಕೆ ಎರಡು ದಿನದಿಂದ ಒಂದು ಬೆಳಕು ಕಾಣ್ತಿದೆ, ಡ್ರೋನ್ ಇರಬಹುದಾ ಅಂತ ನಮ್ಮತ್ತೆ ಕೇಳಿದರು. ಅಷ್ಟೇ. ನಗುವ ಇಮೋಜಿಗಳ ಮಳೆ! ಏಲಿಯನ್ ಬಂದರೆ ಕಾಫಿ ಕೊಡಿ ಅಂತ ಒಬ್ಬ. ಅತ್ತೆ ಮೆಸೇಜನ್ನೇ ಡಿಲೀಟ್ ಮಾಡಿದರು.

ಸಂಜೆ ಅವರ ಮನೆಗೆ ಹೋದೆ. ಹಾಲಿನ ಬಿಲ್ಲಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು: 7.10, ತೆಂಗಿನ ಗರಿಯಿಂದ ನಾಲ್ಕು ಬೆರಳು ಮೇಲೆ. 7.40, ಗರಿಯ ಹಿಂದೆ. ಸದ್ದಿಲ್ಲ. ಮರುದಿನವೂ ಅದೇ ಹೊತ್ತು, ಅದೇ ಜಾಗ. ಓದಿದ ಕೂಡಲೇ ಗೊತ್ತಾಯಿತು, ಅದು ಶುಕ್ರ. ಅವರು ಬರೆದಿಟ್ಟಿದ್ದರಿಂದಲೇ ಗೊತ್ತಾಯಿತು.

ಲಡಾಖ್‌ನಲ್ಲಿ ನಮ್ಮ ಸೈನಿಕರು ಮಾಡಿದ್ದೂ ಇದನ್ನೇ ಅಲ್ವಾ? 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ, ಗಡಿಯ ಸರೋವರದ ಮೇಲೆ ಕಂಡ ಬೆಳಕನ್ನು 329 ಸಲ ದಾಖಲಿಸಿದರು. ಚೀನಾದ ಡ್ರೋನ್ ಅನ್ನೋ ಸಂಶಯ. ಕೊನೆಗೆ ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು ನೋಡಿ ಹೇಳಿದರು: ಗುರು ಮತ್ತು ಶುಕ್ರ. ಆ ಸುದ್ದಿ ಬಂದಾಗ ನಾನೂ ನಕ್ಕಿದ್ದೆ, ಸೈನ್ಯಕ್ಕೆ ಶುಕ್ರನೂ ಗೊತ್ತಿಲ್ವಾ ಅಂತ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ಚಳಿಯಲ್ಲಿ ನಿಂತು ಗಡಿ ಕಾಯುವವನು ಕಂಡದ್ದನ್ನು ಬರೆಯದೆ ಬಿಟ್ಟಿದ್ದರೆ, ನಿಜವಾದ ಡ್ರೋನ್ ಬಂದ ದಿನ ಏನು ಗತಿ?

ಆಕಾಶದಲ್ಲಿ ಗುರುತು ಸಿಗದ್ದನ್ನು ಕಂಡರೂ, ನಗುತ್ತಾರೆ ಅನ್ನೋ ಹೆದರಿಕೆಗೆ ಜನ ಹೇಳೋದೇ ಇಲ್ಲ, ಹಾಗಾಗಿ ಮಾಹಿತಿಯೇ ಸಿಗೋದಿಲ್ಲ ಅಂತ 2023ರಲ್ಲಿ ನಾಸಾದ ತಂಡ ವರದಿಯಲ್ಲೇ ಬರೆದಿದೆ. ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಇಂಥ ದೂರುಗಳನ್ನು ನೋಡೋದಕ್ಕೇ ಒಂದು ಕಚೇರಿ ಇದೆ. 2024ರ ವರದಿಯಲ್ಲಿ ಅವರಿಗೆ ಬಂದದ್ದು 757 ದೂರು, ಇನ್ನೂ ಆಳವಾಗಿ ನೋಡಬೇಕು ಅಂದದ್ದು 21. ಅನ್ಯಗ್ರಹದವರ ಸುಳಿವು ಒಂದರಲ್ಲೂ ಇಲ್ಲ. ಆದರೆ ಆ 21 ಸಿಗಬೇಕಾದರೆ 757 ದೂರನ್ನೂ ಕೇಳಲೇಬೇಕಿತ್ತು.

ರೀಲ್ಸ್‌ಗೋಸ್ಕರ ಸುಳ್ಳು ಹೇಳುವವರೂ ಇದ್ದಾರೆ ಅನ್ನುತ್ತೀರಿ. ಇದ್ದಾರೆ, ಇರಲಿ. ಅವರು ಟೈಮು, ದಿಕ್ಕು ಬರೆದಿಡುವುದಿಲ್ಲ. 2024ರ ಕೊನೆಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಡ್ರೋನ್ ಗಾಬರಿ ಎದ್ದಾಗ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐಗೆ 5,000ಕ್ಕೂ ಜಾಸ್ತಿ ದೂರು ಬಂದವು. ಡ್ರೋನು, ವಿಮಾನ, ಹೆಲಿಕಾಪ್ಟರ್, ನಕ್ಷತ್ರ ಎಲ್ಲವೂ ಕಲೆತಿದ್ದವು. ಹೆದರಿ ಫೋನ್ ಮಾಡಿದವರೆಲ್ಲ ಸುಳ್ಳರಾ?

ಚೀಟಿಯ ಫೋಟೋ ಗ್ರೂಪ್‌ಗೆ ಹಾಕಲೇ ಅಂತ ಅತ್ತೆಯನ್ನು ಕೇಳಿದೆ. ಬೇಡಪ್ಪ, ಮತ್ತೆ ನಗ್ತಾರೆ ಅಂದರು.