ಪಾದರಸ ಇರುವುದು ಸಿಎಫ್‌ಎಲ್‌ನಲ್ಲಿ, ಎಲ್‌ಇಡಿಯಲ್ಲಿ ಅಲ್ಲ

‘ಎಲ್‌ಇಡಿ ಬಲ್ಬ್ ಒಡೆದರೆ ಪಾದರಸದ ವಿಷ ಮನೆಯೆಲ್ಲ ಹರಡುತ್ತದೆ, ಹಳೆಯ ಬಲ್ಬನ್ನೇ ಹಾಕಿ’ ಎಂಬ ಮೆಸೇಜ್ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದನ್ನು ನಂಬಿ ಅತ್ತೆಯೊಬ್ಬರು ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ‘ಫಿಲಮೆಂಟ್ ರಹಿತ ಕೇರಳ’ ಯೋಜನೆಯಲ್ಲಿ ಸಿಕ್ಕಿದ 9 ವಾಟ್ ಎಲ್‌ಇಡಿ ಬಲ್ಬುಗಳನ್ನು ಕಳಚಿ ಅಟ್ಟದಲ್ಲಿಟ್ಟಿದ್ದಾರೆ. ನೋಡಿ ಬೇಸರವಾಯಿತು.

ಎಲ್‌ಇಡಿಯಲ್ಲಿ ಬೆಳಕು ಕೊಡುವುದು ಸಣ್ಣ ಸಣ್ಣ ಚಿಪ್‌ಗಳು. ಅದರಲ್ಲಿ ಪಾದರಸ ಇಲ್ಲವೇ ಇಲ್ಲ. ಪಾದರಸ ಇರುವುದು ಸುರುಳಿ ಸುತ್ತಿದ ಸಿಎಫ್‌ಎಲ್‌ನಲ್ಲಿ, ಹಳೆಯ ಟ್ಯೂಬ್‌ಲೈಟಿನಲ್ಲಿ. ಅದೂ ಕೆಲವೇ ಮಿಲಿಗ್ರಾಂ.

ಕಳೆದ ಮಳೆಗಾಲ ನಮ್ಮ ಹಟ್ಟಿಯಲ್ಲಿ ಸಿಎಫ್‌ಎಲ್ ಒಡೆಯಿತು. ಮಕ್ಕಳನ್ನು ದೂರ ಕಳಿಸಿ, ಬಾಗಿಲು ತೆರೆದಿಟ್ಟು ಕಾಲು ಗಂಟೆ ಗಾಳಿಯಾಡಲು ಬಿಟ್ಟೆವು. ಹಿಡಿಸೂಡಿಯಲ್ಲಿ ಗುಡಿಸಬಾರದು, ಪುಡಿ ಹಾರುತ್ತದೆ. ದಪ್ಪ ರಟ್ಟಿನಲ್ಲಿ ಚೂರು ಎತ್ತಿ, ಉಳಿದ ಪುಡಿಯನ್ನು ಒದ್ದೆ ಕಾಗದದಲ್ಲಿ ಒರೆಸಿ, ಎಲ್ಲವನ್ನೂ ಮುಚ್ಚಳದ ಬಾಟಲಿಗೆ ಹಾಕಿದೆವು.

ಇನ್ನೊಂದು ಮಾತು. ಕೊಳ್ಳುವಾಗ ವಾಟ್ ಮಾತ್ರ ನೋಡಬೇಡಿ, ಪೆಟ್ಟಿಗೆಯ ಮೇಲೆ ಲ್ಯೂಮೆನ್, ಅಂದರೆ ಬೆಳಕಿನ ಅಳತೆ, ಎಷ್ಟಿದೆ ನೋಡಿ. 800 ಲ್ಯೂಮೆನ್ ಇದ್ದರೆ ಹಳೆಯ 60 ವಾಟ್ ಬಲ್ಬಿನಷ್ಟೇ ಬೆಳಕು, ಜಗಲಿಗೆ ಧಾರಾಳ ಸಾಕು.