ರಕ್ತ ಕಂಡರೆ ಮೂಲವ್ಯಾಧಿ ಅಂತ ಸುಮ್ಮನಾಗುವ ನಮ್ಮ ಕೊಡಗು

ನಾನಿರುವ ಮೆಲ್ಬರ್ನ್‌ನಲ್ಲಿ ಐವತ್ತು ತುಂಬಿದವರ ಮನೆಗೆ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆ ಅಂತ ಸರ್ಕಾರದಿಂದ ಅಂಚೆಯಲ್ಲಿ ಒಂದು ಪುಟ್ಟ ಪೊಟ್ಟಣ ಬರುತ್ತದೆ. ಒಳಗೆ ಎರಡು ಸಣ್ಣ ಟ್ಯೂಬು, ಕಮೋಡಿನ ನೀರಿನ ಮೇಲೆ ಹಾಸುವ ತೆಳು ಕಾಗದ, ವಾಪಸ್ ಕಳಿಸಲು ಲಕೋಟೆ. ಟ್ಯೂಬಿನ ಮುಚ್ಚಳಕ್ಕೇ ಒಂದು ಕಡ್ಡಿ ಇರುತ್ತದೆ. ಅದರ ತುದಿಯನ್ನು ಮಲದ ಮೇಲೆ ಅಲ್ಲಲ್ಲಿ ಸವರಿ, ಮತ್ತೆ ಒಳಗೆ ತೂರಿಸಿ ಮುಚ್ಚಿದರೆ ಆಯ್ತು. ಎರಡು ಬೇರೆ ಬೇರೆ ಸಲದ ಮಾದರಿ ಬೇಕು. ಸೆಕೆಗೆ ಮಾದರಿ ಕೆಡುತ್ತದೆ, ಅದಕ್ಕೇ ಕಳಿಸುವ ತನಕ ಫ್ರಿಜ್ಜಿನಲ್ಲಿಡಿ ಅಂತಾರೆ. ಬಹಳ ಬಿಸಿಲಿನ ಊರುಗಳಿಗೆ ಸುಡುಬೇಸಿಗೆಯ ತಿಂಗಳುಗಳಲ್ಲಿ ಪೊಟ್ಟಣ ಕಳಿಸುವುದೇ ಇಲ್ಲ. 2006ರಲ್ಲಿ ಶುರುವಾದ ಯೋಜನೆ ಇದು. ಈಗ 74 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಉಚಿತವಾಗಿ ಬರುತ್ತದೆ. 2024ರ ಜುಲೈಯಿಂದ 45 ತುಂಬಿದವರೂ ಕೇಳಿ ಪಡೆಯಬಹುದು.

ಈ ಪರೀಕ್ಷೆಗೆ ಫಿಟ್ ಅಂತ ಹೆಸರು. ಕಣ್ಣಿಗೆ ಕಾಣದಷ್ಟು ಸ್ವಲ್ಪ ರಕ್ತ ಮಲದಲ್ಲಿದ್ದರೂ ಇದು ಹಿಡಿಯುತ್ತದೆ. ಮನುಷ್ಯರ ಹಿಮೋಗ್ಲೋಬಿನ್ ಅನ್ನು ಮಾತ್ರ ಗುರುತಿಸುವುದರಿಂದ, ಹಿಂದಿನ ದಿನ ಪಂದಿಕರಿ ತಿಂದಿದ್ದರೂ ಫಲಿತಾಂಶ ಕೆಡುವುದಿಲ್ಲ. ಹಳೆಯ ಪರೀಕ್ಷೆಯಲ್ಲಿ ಕೆಲವು ದಿನ ಮಾಂಸ ಬಿಡಬೇಕಿತ್ತು. ಕೊಡಗಿನವರಿಗೆ ಇದೊಂದು ದೊಡ್ಡ ಅನುಕೂಲ, ಅಲ್ವಾ?

ದೊಡ್ಡ ಕರುಳಿನ ಕ್ಯಾನ್ಸರ್ ರಾತ್ರೋರಾತ್ರಿ ಬರುವುದಲ್ಲ. ಕರುಳಿನ ಒಳಗೋಡೆಯಲ್ಲಿ ಅಣಬೆಯ ಹಾಗೆ ಸಣ್ಣ ಗಂಟು ಏಳುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು. ಎಲ್ಲ ಗಂಟೂ ಹಾಗೆ ತಿರುಗುವುದಿಲ್ಲ. ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ತೆಳು ಕೊಳವೆ ತೂರಿಸಿ ಕರುಳು ನೋಡುವ ತಪಾಸಣೆ, ಮಾಡುವಾಗಲೇ ಆ ಗಂಟನ್ನು ಕತ್ತರಿಸಿ ತೆಗೆದರೆ ಮುಂದಿನ ಕಥೆಯೇ ಇಲ್ಲ. ಶುರುವಿನ ಹಂತದಲ್ಲಿ ಸಿಕ್ಕಿದ ಕ್ಯಾನ್ಸರಿಗೂ ಹತ್ತರಲ್ಲಿ ಒಂಬತ್ತು ಜನ ಐದು ವರ್ಷ ದಾಟಿ ಬದುಕುತ್ತಾರೆ. ಇಷ್ಟು ಸಮಯ ಕೊಡುವ ಕ್ಯಾನ್ಸರ್ ಜಾಸ್ತಿ ಇಲ್ಲ.

ಸುಂಟಿಕೊಪ್ಪದ ಕಡೆಯ ನಮ್ಮ ದೊಡ್ಡಪ್ಪನಿಗೆ ಆ ಸಮಯವೆಲ್ಲ ಮೂಲವ್ಯಾಧಿಯ ಮದ್ದಿನಲ್ಲೇ ಕಳೆದುಹೋಯಿತು. ರಕ್ತ ಹೋಗುತ್ತಿತ್ತು. ಖಾರ ಬಿಟ್ಟರು, ನಾಟಿ ಮದ್ದು ತಿಂದರು, ಒಂದು ಕ್ಲಿನಿಕ್ಕಿನಲ್ಲಿ ಮುಲಾಮು ಬರೆದುಕೊಟ್ಟರು. ಸುಸ್ತು ಅಂದಾಗ ಕಬ್ಬಿಣದ ಮಾತ್ರೆ ಕೊಟ್ಟರು. ಅರವತ್ತು ದಾಟಿದ ಗಂಡಸಿಗೆ ಹಿಮೋಗ್ಲೋಬಿನ್ ಯಾಕೆ ಇಳಿಯಿತು ಅಂತ ಯಾರೂ ಕೇಳಲಿಲ್ಲ. ಹೊಟ್ಟೆ ಉಬ್ಬಿ ಮೈಸೂರಿಗೆ ಕರೆದೊಯ್ದಾಗ ಕಾಯಿಲೆ ಲಿವರಿಗೆ ಹರಡಿತ್ತು.

ನಮ್ಮವರಿಗೆ ನಾಚಿಕೆ ಜಾಸ್ತಿ, ಇದನ್ನೆಲ್ಲ ಮಾತಾಡುವುದಿಲ್ಲ ಅಂತ ಹೇಳುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದ ಮರುದಿನ ಮನೆಮಂದಿಯೆಲ್ಲ ಮೂತ್ರದ ಬಣ್ಣದ ಬಗ್ಗೆ ಆರಾಮಾಗಿ ಮಾತಾಡುತ್ತೇವೆ. ಸೊಪ್ಪಿನ ಬಣ್ಣಕ್ಕೆ ಕೆಂಪಾಗಿದ್ದರೆ ಮದ್ದು ಹಿಡಿಯಿತು ಅಂತ ಖುಷಿ. ಮಕ್ಕಳಿಂದ ಅಜ್ಜಿಯವರೆಗೆ ಯಾರಿಗೂ ಸಂಕೋಚವಿಲ್ಲ. ಹಾಗೆ ಮಾತಾಡುವ ಮನೆಯಲ್ಲಿ ಮಲದ ಬಗ್ಗೆ ಕೇಳಿದರೂ ಜನ ಹೇಳುತ್ತಾರೆ. ಕೇಳುವವರು ಬೇಕು. ಇನ್ನು ಮೆಲ್ಬರ್ನಿನವರಿಗೆ ಸಂಕೋಚವಿಲ್ಲ ಅಂದುಕೊಳ್ಳಬೇಡಿ. ಮನೆಗೇ ಬಂದ ಪೊಟ್ಟಣವನ್ನು ಮಾದರಿ ಹಾಕಿ ವಾಪಸ್ ಕಳಿಸುವವರು ಇಡೀ ಆಸ್ಟ್ರೇಲಿಯಾದಲ್ಲಿ ನೂರಕ್ಕೆ ನಲವತ್ತು ಜನರಷ್ಟೇ.

ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮವಿದೆ. ಕರುಳು ಆ ಪಟ್ಟಿಯಲ್ಲಿಲ್ಲ. ಭಾರತದಲ್ಲಿ ಈ ಕಾಯಿಲೆ ಆಸ್ಟ್ರೇಲಿಯಾದಷ್ಟು ಜಾಸ್ತಿ ಇಲ್ಲ, ಹಾಗಾಗಿ ಎಲ್ಲರ ಮನೆಗೂ ಪೊಟ್ಟಣ ಕಳಿಸಿ ಅಂತ ನಾನು ಹೇಳುತ್ತಿಲ್ಲ. ನಮಗೆ ಹೊಂದುವ ದಾರಿ ಇಂಗ್ಲೆಂಡಿನದು. 2023ರಿಂದ ಅಲ್ಲಿ ರಕ್ತ ಹೋಗುತ್ತಿದೆ, ಮಲವಿಸರ್ಜನೆಯ ರೀತಿ ಬದಲಾಗಿದೆ, ಕಬ್ಬಿಣದ ಕೊರತೆಯ ರಕ್ತಹೀನತೆ ಇದೆ ಅಂತ ಬರುವವರಿಗೆ ಮನೆ ಡಾಕ್ಟರೇ ಫಿಟ್ ಮಾಡಿಸುತ್ತಾರೆ. ಒಂದು ಗ್ರಾಂ ಮಲಕ್ಕೆ 10 ಮೈಕ್ರೋಗ್ರಾಂ ಅಥವಾ ಹೆಚ್ಚು ಹಿಮೋಗ್ಲೋಬಿನ್ ಇದ್ದರೆ ಕೊಲೊನೋಸ್ಕೋಪಿಯಂಥ ಮುಂದಿನ ತಪಾಸಣೆಗೆ ಕಳಿಸುತ್ತಾರೆ. ಕೊಲೊನೋಸ್ಕೋಪಿ ಮಾಡುವವರು ಕಡಿಮೆ ಇರುವ ಕಡೆ ಮೊದಲು ಯಾರಿಗೆ ಮಾಡಬೇಕು ಅಂತ ಆರಿಸಲು ಇದೇ ಸರಿಯಾದ ಜರಡಿ. ಸೋಮವಾರಪೇಟೆ, ವಿರಾಜಪೇಟೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದನ್ನು ಮಾಡಬಹುದು. ಫಿಟ್‌ನಲ್ಲಿ ಏನೂ ಕಾಣದಿದ್ದರೂ ತೊಂದರೆ ನಿಲ್ಲದೇ ಇದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಲೇಬೇಕು.

ಇನ್ನೊಂದು ಮಾತು. ಬೆಂಗಳೂರಿನಲ್ಲಿರುವ ಮಕ್ಕಳು ಪ್ರೀತಿಯಿಂದ ಅಪ್ಪ ಅಮ್ಮನಿಗೆ ಹೆಲ್ತ್ ಪ್ಯಾಕೇಜ್ ಮಾಡಿಸುತ್ತಾರೆ. ಅದರಲ್ಲಿ ಎಷ್ಟೋ ಸಲ ಸಿಇಎ ಅಂತ, ಕೆಲವು ಕ್ಯಾನ್ಸರಿನಲ್ಲಿ ಏರುವ ಒಂದು ಪ್ರೋಟೀನನ್ನು ಅಳೆಯುವ ರಕ್ತಪರೀಕ್ಷೆ ಸೇರಿರುತ್ತದೆ. ಸಿಇಎ ನಾರ್ಮಲ್ ಬಂತು, ಕ್ಯಾನ್ಸರ್ ಇಲ್ಲ ಅಂತ ನಿರಾಳವಾಗಬೇಡಿ. ಶುರುವಿನ ಕ್ಯಾನ್ಸರಿನಲ್ಲಿ ಅದು ಏರದೇ ಇರುವುದೇ ಹೆಚ್ಚು. ಬೀಡಿ ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಚಿಕಿತ್ಸೆ ಆದಮೇಲೆ ಕಾಯಿಲೆ ಮರುಕಳಿಸಿತಾ ಅಂತ ನೋಡುವುದಕ್ಕೆ ಅದು ಉಪಯೋಗ. ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕ ಶೀಲ್ಡ್ ಅನ್ನುವ ರಕ್ತಪರೀಕ್ಷೆ ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್ಎ ಚೂರುಗಳನ್ನು ಹುಡುಕುತ್ತದೆ. ಕ್ಯಾನ್ಸರನ್ನು ನೂರಕ್ಕೆ 83ರಷ್ಟು ಹಿಡಿಯುತ್ತದೆ, ನಿಜ. ಆದರೆ ಕ್ಯಾನ್ಸರ್ ಆಗುವ ಹಂತಕ್ಕೆ ಬಂದ ಗಂಟುಗಳಲ್ಲಿ ನೂರಕ್ಕೆ 13 ಮಾತ್ರ ಅದಕ್ಕೆ ಸಿಗುತ್ತವೆ. ಕತ್ತರಿಸಿ ತೆಗೆದರೆ ಮುಗಿಯುವ ಹಂತ ಅದೇ ಅಲ್ವಾ? ಅಷ್ಟು ದುಬಾರಿ ಪರೀಕ್ಷೆಗೆ ನಾವು ಕಾಯಬೇಕಾಗಿಲ್ಲ.

ಕೊಡಗಿನ ಕಷ್ಟ ಪರೀಕ್ಷೆಯ ನಂತರದ ಹೆಜ್ಜೆಯಲ್ಲಿದೆ. ಕೊಲೊನೋಸ್ಕೋಪಿಗೆ ಮುಂಚೆ ಕರುಳು ಖಾಲಿ ಮಾಡುವ ಔಷಧಿಯನ್ನು ಲೀಟರುಗಟ್ಟಲೆ ನೀರಿನ ಜೊತೆ ಕುಡಿಯಬೇಕು. ಗಂಟೆಗಟ್ಟಲೆ ಶೌಚಾಲಯ ಬಿಟ್ಟು ಕದಲಲಾಗುವುದಿಲ್ಲ. ಆ ಸ್ಥಿತಿಯಲ್ಲಿ ಭಾಗಮಂಡಲದ ಕಡೆಯ ತೋಟದ ಲೈನ್‌ಮನೆಯ (ಕೂಲಿಗಳ ಸಾಲುಮನೆಯ) ಕೂಲಿ ಹೆಂಗಸು ಕಾಫಿ ಕೊಯ್ಲಿನ ಸಂಬಳ ಬಿಟ್ಟು, ಬಸ್ಸು ಹತ್ತಿ ಮೈಸೂರಿಗೆ ಹೋಗುವುದು ಆಗುವ ಮಾತಲ್ಲ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ವಾರದಲ್ಲಿ ಒಂದು ದಿನ ಫಿಟ್ ಪಾಸಿಟಿವ್ ಬಂದವರಿಗೆ ಅಂತಲೇ ಮೀಸಲಿಡಬೇಕು. ಹಿಂದಿನ ರಾತ್ರಿ ಅಲ್ಲೇ ಉಳಿಯಲು ಒಂದು ವಾರ್ಡು, ಹತ್ತಿರದಲ್ಲೇ ಶೌಚಾಲಯ, ಜೊತೆಗೆ ಬಂದವರಿಗೆ ಮಲಗಲು ಜಾಗ ಬೇಕು. ಇದನ್ನು ನಮ್ಮ ಶಾಸಕರ ಹತ್ತಿರ ಕೇಳೋಣ.