ಅವಳ ತಾಳ್ಮೆ ಹೊಗಳುವವರಿಗೆ

ಮೊನ್ನೆ ಶಿರಸಿ ಹತ್ತಿರ ಚಿಕ್ಕಮ್ಮನ ಮನೆಗೆ ಅಡಿಕೆ ಸುಲಿಯಲು ಹೋಗಿದ್ದೆ. ರಾತ್ರಿ ಏಳೆಂಟು ಹೆಂಗಸರು ಮೆಟ್ಟುಗತ್ತಿಯ ಮಣೆ ಮೇಲೆ ಕೂತಿದ್ದೆವು. ಕೈ ಅಡಿಕೆಯ ಮೇಲೆ, ಬಾಯಿ ಪಕ್ಕದ ಮನೆ ಅಕ್ಕನ ಮೇಲೆ. ಆಕೆ ಇನ್ನೂ ಬಂದಿರಲಿಲ್ಲ.

ಅವಳ ಗಂಡನ ಕೆಲಸ ಕುಮಟೆಯಲ್ಲಿ. ಅಲ್ಲೊಂದು ಸಂಸಾರವೂ ಇದೆ ಅಂತ ಊರಿಗೆಲ್ಲ ಗೊತ್ತು. ಶನಿವಾರ ದೇವಿಮನೆ ಘಟ್ಟ ಹತ್ತಿ ಬರುತ್ತಾನೆ, ಸೋಮವಾರ ಇಳಿದು ಹೋಗುತ್ತಾನೆ.

"ಭೂಮಿ ತೂಕದ ಹೆಂಗಸು ಬಿಡಿ, ಒಂದು ಮಾತು ಆಡಲಿಲ್ಲ" ಅಂತ ಒಬ್ಬರು. ಇನ್ನೊಬ್ಬರು ಆ ಹಳೇ ಗಾದೆ ತೆಗೆದರು: ಗಂಡಸು ಕೆಸರು ಕಂಡಲ್ಲಿ ತುಳೀತಾನೆ, ನೀರು ಕಂಡಲ್ಲಿ ತೊಳೀತಾನೆ. ಸರಿ, ಆ ನೀರನ್ನು ಬಾವಿಯಿಂದ ಸೇದಿದವರು ಯಾರು? ಕೇಳಿದೆ. ಯಾರೂ ಮಾತಾಡಲಿಲ್ಲ.

ಅವಳು ಸಹಿಸಿದರೆ ನಮಗೆಲ್ಲ ಆರಾಮ. ಮಾವ ಮಗನನ್ನು ಬೈಯಬೇಕಿಲ್ಲ, ಅಣ್ಣ ತಂಗಿಗೆ ಜಾಗ ಕೊಡಬೇಕಿಲ್ಲ. ನಾವು ಹೊಗಳಿದರೆ ಮುಗಿಯಿತು. ಕುಷ್ಠರೋಗಿ ಗಂಡನನ್ನು ಹೆಗಲ ಮೇಲೆ ಹೊತ್ತು ವೇಶ್ಯೆಯ ಮನೆಗೆ ಹೊರಟವಳ ಕಥೆ ಕೇಳಿದ್ದೀರಲ್ವಾ? ದಾರಿಯಲ್ಲಿ, ಸೂರ್ಯ ಹುಟ್ಟಿದರೆ ಗಂಡ ಸಾಯಲಿ ಅಂತ ಋಷಿಯ ಶಾಪ ಬಂತು, ಅವಳು ಸೂರ್ಯನನ್ನೇ ತಡೆದಳು. ಅದಕ್ಕೆ ಕೈ ಮುಗಿಯುತ್ತೇವೆ. ಹೆಗಲು ನೋಯಿತಾ ಅಂತ ಅವಳನ್ನು ಯಾರಾದರೂ ಕೇಳಿದರಾ?

"ಈಗ ಅದು ತಪ್ಪೇ ಅಲ್ವಂತೆ, ಕೋರ್ಟೇ ಬಿಟ್ಟಿದೆ" ಅಂದರು ಚಿಕ್ಕಪ್ಪ, ಹಂಡೆ ಹತ್ತಿರದಿಂದ. ಅರ್ಧ ಸತ್ಯ ಅಂದೆ, ಎಲ್ಲರಿಗೂ ಕೇಳುವ ಹಾಗೆ. ಹಾದರಕ್ಕೆ ಶಿಕ್ಷೆ ಹೇಳುತ್ತಿದ್ದ ದಂಡ ಸಂಹಿತೆಯ ಹಳೆಯ 497ನೇ ಕಲಂ ಇದ್ದಾಗಲೂ ಹೆಂಡತಿ ದೂರು ಕೊಡುವ ಹಾಗಿರಲಿಲ್ಲ. ಗಂಡ ಇನ್ನೊಬ್ಬನ ಹೆಂಡತಿಯ ಜೊತೆ ಹೋದರೆ ಆ ಇನ್ನೊಬ್ಬ ದೂರಬಹುದಿತ್ತು, ತೋಟಕ್ಕೆ ದನ ನುಗ್ಗಿದ ಹಾಗೆ! 2018ರ ಸೆಪ್ಟೆಂಬರ್ 27ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹೋಗಿದ್ದು ಜೈಲು ಮಾತ್ರ. ವಿಚ್ಛೇದನ ಕೇಳಲು ಹಾದರ ಇವತ್ತಿಗೂ ಸಾಕಷ್ಟು ಕಾರಣ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ, ಮನೆ ಗಂಡನ ಹೆಸರಲ್ಲೇ ಇದ್ದರೂ ಹೆಂಡತಿಗೆ ಅಲ್ಲಿರುವ ಹಕ್ಕಿದೆ. ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ, ಫೀಸಿಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಎಲ್ಲರೂ ಅಡಿಕೆ ರೇಟಿನ ಬಗ್ಗೆ ಮಾತಾಡತೊಡಗಿದರು.

ರಾತ್ರಿ ಬ್ಯಾಟರಿ ಹಿಡಿದು ಅವಳ ಜೊತೆ ಅಂಗಳದವರೆಗೆ ಹೋದೆ. ಬಿಟ್ಟು ಬರಬಹುದಲ್ವಾ ಅಂತ ಕೇಳಿಯೇ ಬಿಟ್ಟೆ. ಪೇಟೆಯಲ್ಲಿ ಸಂಬಳ ತಗೊಳ್ಳುವ ನನಗೆ ಹಾಗೆ ಕೇಳುವುದು ಸುಲಭ.

"ನಾನ್ಯಾಕೆ ಬಿಡಲಿ? ಇಪ್ಪತ್ತು ವರ್ಷ ಬೆಟ್ಟದಿಂದ ಸೊಪ್ಪು ಹೊತ್ತು ತೋಟ ಉಳಿಸಿದ್ದು ನಾನು. ಹೋಗುವವರು ಅವರಲ್ವಾ?"

ನನ್ನ ಬಾಯಿ ಮುಚ್ಚಿತು. ನಾವೆಲ್ಲ ಸಹನೆ ಅಂದುಕೊಂಡಿದ್ದು ಅವಳ ಲೆಕ್ಕದಲ್ಲಿ ಬೇರೆಯೇ ಇತ್ತು. ಪ್ರೀತಿ ಇಲ್ಲ ಅಂತಲೂ ಹೇಳಲಾರೆ. ಅವನ ಜ್ವರಕ್ಕೆ ಕಷಾಯ ಕಾಸಿ ಘಟ್ಟ ಇಳಿಯುವ ಬಸ್ಸಿನಲ್ಲಿ ಕಳಿಸಿದವಳು ಅವಳೇ. ಸಿಟ್ಟು ಬರುತ್ತದೆ ನನಗೆ, ಆದರೆ ಅವಳ ಮೇಲಲ್ಲ.

ಮೆಟ್ಟಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದಳು, "ಆ ಸಮಿತಿ ಅಂದೆಯಲ್ಲ, ಶಿರಸಿ ಕೋರ್ಟಿನಲ್ಲೇ ಇರ್ತದಾ?" ಒಳಗೆ ಬರುವ ಮೊದಲೇ ಎಲ್ಲ ಕೇಳಿಸಿಕೊಂಡಿದ್ದಳು.

ಶನಿವಾರ ಹೋಗೋಣ, ನನಗೂ ರಜೆ ಅಂದೆ.

"ಶನಿವಾರ ಬೇಡ ಮಾರಾಯ್ತಿ. ಅವರು ಬರ್ತಾರೆ, ತಂಬುಳಿ ಮಾಡಬೇಕು. ಬುಧವಾರ ಹೋಗೋಣ."